ಹಾಲಿನ ಲೋಟ ಮತ್ತು ಮುಖದ ಮೊಡವೆ

ಆರೋಗ್ಯದ ಬಗ್ಗೆ ಹದಿಹರೆಯದವರೊಡನೆ ಚರ್ಚಾ ಕಾರ್ಯಕ್ರಮ ಮಾಡಿದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಆದರೆ ಅದು ಕ್ಯಾಮೆರಾ ನಡೆಯುತ್ತಿರುವಾಗ ಬರುವುದಿಲ್ಲ. ದೀಪಗಳು ಆರಿ, ಕೊರಳಪಟ್ಟಿಯ ಮೈಕು ತೆಗೆಯುವ ಹೊತ್ತಿಗೆ ಯಾರೋ ಒಬ್ಬರು ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳುತ್ತಾರೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಮಕ್ಕಳ ಬಾಯಲ್ಲಿ ಅದು ಹೀಗಿರುತ್ತದೆ: "ಸರ, ಹಾಲು ಕುಡದ್ರ ಮೊಡವಿ ಏಳ್ತಾವಂತ. ಖರೇ ಏನ್ರಿ?"

ಕೇಳುವವರಲ್ಲಿ ಕೆಲವರು ಉತ್ತರಕ್ಕಾಗಿ ಕಾದಿರುವುದೂ ಇಲ್ಲ. ಆಗಲೇ ಹಾಲು ಬಿಟ್ಟಿರುತ್ತಾರೆ. ಶಾಲೆಯಲ್ಲಿ ಕೊಡುವ ಲೋಟದ ಹಾಲನ್ನು ಪಕ್ಕದವರ ಲೋಟಕ್ಕೆ ಸುರಿಯುತ್ತಾರೆ, ಮನೆಯಲ್ಲಿ ಅವ್ವ ಕೊಟ್ಟದ್ದನ್ನು ತಮ್ಮನಿಗೆ ದಾಟಿಸುತ್ತಾರೆ. ಆದ್ದರಿಂದ ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಹಿಂದಿನ ತಲೆಮಾರಿನ ವೈದ್ಯರು ಇದಕ್ಕೆ "ಎಲ್ಲ ಸುಳ್ಳು, ಏನು ಬೇಕಾದರೂ ತಿನ್ನು" ಎಂದು ಹೇಳಿ ಕಳಿಸುತ್ತಿದ್ದರು. ಇಂದು ಹಾಗೆ ಹೇಳುವುದು ಕಷ್ಟ. ಹಾಗೆಂದು "ಹಾಲೇ ಕಾರಣ" ಎನ್ನುವುದೂ ಸರಿಯಲ್ಲ. ಇವೆರಡರ ನಡುವೆ ವಿಜ್ಞಾನ ಎಲ್ಲಿ ನಿಂತಿದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ರೋಮಕೂಪದೊಳಗಿನ ಕಥೆ

ನಮ್ಮ ಚರ್ಮದ ಪ್ರತಿಯೊಂದು ಕೂದಲೂ ಒಂದು ಸಣ್ಣ ಕುಳಿಯಿಂದ ಹೊರಡುತ್ತದೆ. ಅದೇ ರೋಮಕೂಪ. ಅದರ ಪಕ್ಕದಲ್ಲಿ ಎಣ್ಣೆ ಸುರಿಸುವ ಗ್ರಂಥಿಯೊಂದಿದೆ. ಈ ಎಣ್ಣೆಗೆ ಸೀಬಮ್ ಎಂದು ಹೆಸರು. ಮುಖ, ಎದೆ, ಬೆನ್ನಿನ ಮೇಲ್ಭಾಗಗಳಲ್ಲಿ ಈ ಗ್ರಂಥಿಗಳು ದೊಡ್ಡವು, ದಟ್ಟವಾದವು. ಬಾಲ್ಯದಲ್ಲಿ ಅವು ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತವೆ. ಹರೆಯ ಕಾಲಿಟ್ಟಾಗ ಆಂಡ್ರೋಜನ್ ಎಂಬ ಹಾರ್ಮೋನುಗಳು ಅವುಗಳನ್ನು ಎಚ್ಚರಿಸುತ್ತವೆ. ಇವು ಹುಡುಗರಲ್ಲಷ್ಟೇ ಅಲ್ಲ, ಹುಡುಗಿಯರ ದೇಹದಲ್ಲೂ ಕಡಿಮೆ ಪ್ರಮಾಣದಲ್ಲಿ ಇರುತ್ತವೆ.

ಎಣ್ಣೆ ಹೆಚ್ಚಾದರೆ ಮಾತ್ರ ಮೊಡವೆ ಆಗದು. ಕುಳಿಯ ಒಳಗೋಡೆಯ ಸತ್ತ ಜೀವಕೋಶಗಳು ಉದುರಿ ಹೊರಬರುವ ಬದಲು ಒಂದಕ್ಕೊಂದು ಅಂಟಿಕೊಂಡು ಬಾಯಿ ಮುಚ್ಚುತ್ತವೆ. ಒಳಗೆ ಎಣ್ಣೆ ಕಟ್ಟಿಕೊಳ್ಳುತ್ತದೆ. ಆ ಎಣ್ಣೆಯನ್ನು ತಿಂದು ಬದುಕುವ ಬ್ಯಾಕ್ಟೀರಿಯ ಒಂದು ನಮ್ಮೆಲ್ಲರ ಚರ್ಮದಲ್ಲೂ ಇದೆ. ಹಳೆಯ ಪಠ್ಯಪುಸ್ತಕಗಳಲ್ಲಿ ಅದರ ಹೆಸರು ಪ್ರೊಪಿಯೊನಿಬ್ಯಾಕ್ಟೀರಿಯಂ ಆಕ್ನೆಸ್, 2016ರಿಂದ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್. ಗಾಳಿಯಾಡದ ಕುಳಿಯಲ್ಲಿ ಅದಕ್ಕೆ ಹಬ್ಬ. ದೇಹದ ರಕ್ಷಣಾ ವ್ಯವಸ್ಥೆ ಅದರ ಮೇಲೆ ದಾಳಿ ಮಾಡಿದಾಗ ಕುಳಿಯ ಸುತ್ತ ಉರಿಯೂತ ಉಂಟಾಗಿ, ಕೆಂಪಾಗಿ, ಕೀವು ತುಂಬಿ, ನಾವು ಕನ್ನಡಿಯಲ್ಲಿ ಕಾಣುವ ಮೊಡವೆ ಏಳುತ್ತದೆ. ನಮ್ಮ ಪ್ರಾಚೀನ ವೈದ್ಯರೂ ಇದನ್ನು ಹರೆಯಕ್ಕೇ ಗಂಟುಹಾಕಿದ್ದರು. ಸುಶ್ರುತ ಸಂಹಿತೆಯಲ್ಲಿ 'ಮುಖದೂಷಿಕಾ' ಎಂಬ ಹೆಸರಿನಲ್ಲಿ ಬರುವ ಈ ಬಾಧೆಗೆ ಆಯುರ್ವೇದದಲ್ಲಿ 'ಯೌವನ ಪಿಡಕ' ಎಂಬ ಹೆಸರೂ ಇದೆ.

ಇಲ್ಲಿ ನೀವು ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಒಂದಿದೆ. ಕುಳಿಯ ಬಾಯಿ ಕಟ್ಟಲು ಶುರುವಾದ ದಿನಕ್ಕೂ ಮೊಡವೆ ಕಣ್ಣಿಗೆ ಕಾಣುವ ದಿನಕ್ಕೂ ನಡುವೆ ಹಲವು ವಾರಗಳ ಅಂತರವಿರುತ್ತದೆ. ಸುಮಾರು ಎಂಟು ವಾರ ಎಂಬುದು ಚರ್ಮವೈದ್ಯರ ಸಾಮಾನ್ಯ ಲೆಕ್ಕ. ಅಂದರೆ ದೀಪಾವಳಿಗೆ ಕಾಣಿಸಿಕೊಂಡ ಮೊಡವೆಯ ಬೀಜ ಗಣೇಶನ ಹಬ್ಬದ ಹೊತ್ತಿಗೇ ಬಿದ್ದಿರಬಹುದು.

ನಿನ್ನೆಯ ಮಿರ್ಚಿ, ಇಂದಿನ ಮೊಡವೆ

ಈ ಲೆಕ್ಕ ತಿಳಿದರೆ ನಮ್ಮ ಊರುಗಳಲ್ಲಿ ಬಹಳ ಪ್ರಚಲಿತವಾದ ಒಂದು ನಂಬಿಕೆ ಸಡಿಲವಾಗುತ್ತದೆ. ಸಂಜೆ ಗದುಗಿನ ಬಸ್‌ಸ್ಟ್ಯಾಂಡಿನ ಹತ್ತಿರ ಗೆಳೆಯರ ಸಂಗಡ ಮಿರ್ಚಿ ಭಜಿ, ಬದನೆಕಾಯಿ ಭಜಿ ತಿಂದಾಯಿತು. ಬೆಳಿಗ್ಗೆ ಎದ್ದು ನೋಡಿದರೆ ಗಲ್ಲದ ಮೇಲೊಂದು ಗುಳ್ಳೆ. "ನೋಡು, ಎಣ್ಣಿ ಪದಾರ್ಥ ತಿಂದಿ, ಕಾವಿಗೆ ಎದ್ದದ" ಎಂದು ಅಜ್ಜಿಯ ತೀರ್ಪು. ಆ ಗುಳ್ಳೆ ಚರ್ಮದೊಳಗೆ ಮೊದಲೇ ಸಿದ್ಧವಾಗಿತ್ತು. ಮಿರ್ಚಿ ತಿನ್ನದಿದ್ದರೂ ಅದು ಏಳುತ್ತಿತ್ತು. ಬಾಣಲೆಯ ಎಣ್ಣೆ ಹೊಟ್ಟೆಗೆ ಹೋಗಿ ನೇರವಾಗಿ ಕೆನ್ನೆಯಲ್ಲಿ ಜಿನುಗುವುದಿಲ್ಲ. ಚರ್ಮದ ಎಣ್ಣೆಯನ್ನು ಗ್ರಂಥಿಯ ಜೀವಕೋಶಗಳು ತಾವೇ ತಯಾರಿಸುತ್ತವೆ. ತಿಂದ ಮರುದಿನ ಮೊಡವೆ ಏಳದ ಹತ್ತಾರು ಸಂದರ್ಭಗಳನ್ನು ನಾವು ಮರೆಯುತ್ತೇವೆ, ಎದ್ದ ಒಂದನ್ನು ನೆನಪಿಡುತ್ತೇವೆ. ಪರೀಕ್ಷೆಯ ಒತ್ತಡ, ನಿದ್ದೆಗೆಡುವುದು, ಹುಡುಗಿಯರಲ್ಲಿ ಮುಟ್ಟಿನ ಮುಂಚಿನ ದಿನಗಳು, ಇವೆಲ್ಲ ಅದೇ ಹೊತ್ತಿಗೆ ಕೂಡಿಬಂದರೆ ಅಪರಾಧಿ ಯಾರೆಂದು ಹೇಳುವುದು ಇನ್ನೂ ಕಷ್ಟ.

ಹೀಗಾಗಿ ಅನುಭವದ ಮಾತಿಗಿಂತ ಪ್ರಯೋಗದ ಮಾತು ಬೇಕಾಗುತ್ತದೆ. 1969ರಲ್ಲಿ ಅಮೆರಿಕದ ಫುಲ್ಟನ್, ಪ್ಲೆವಿಗ್, ಕ್ಲಿಗ್‌ಮನ್ ಎಂಬ ಮೂವರು ವೈದ್ಯರು ಅಂಥದೊಂದು ಪ್ರಯೋಗದ ವರದಿ ಪ್ರಕಟಿಸಿದರು. 65 ಜನರಿಗೆ, ಅವರಲ್ಲಿ 30 ಮಂದಿ ಹದಿಹರೆಯದವರು, 35 ಮಂದಿ ಸೆರೆಮನೆಯ ಕೈದಿಗಳು, ನಾಲ್ಕು ವಾರ ಚಾಕೊಲೇಟು ತಿನ್ನಿಸಿದರು. ಬೇರೆ ನಾಲ್ಕು ವಾರ ಚಾಕೊಲೇಟು ಇಲ್ಲದ, ನೋಡಲು ಅದರಂತೆಯೇ ಇರುವ ಮಿಠಾಯಿ ಕೊಟ್ಟರು. ಮೊಡವೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಲ್ಲಿಂದ ಮುಂದೆ ಸುಮಾರು ಮೂವತ್ತು ವರ್ಷ ವೈದ್ಯಕೀಯ ಪಠ್ಯಗಳು "ಆಹಾರಕ್ಕೂ ಮೊಡವೆಗೂ ಸಂಬಂಧವಿಲ್ಲ" ಎಂದೇ ಬರೆದವು.

ವಿಜ್ಞಾನ ಓದುವ ನೀವು ಈ ಪ್ರಯೋಗದ ದೋಷವನ್ನು ಕಂಡುಹಿಡಿಯಬಲ್ಲಿರಾ? ಹೋಲಿಕೆಗೆಂದು ಕೊಟ್ಟ ಆ ಇನ್ನೊಂದು ಮಿಠಾಯಿಯಲ್ಲೂ ಸಕ್ಕರೆ, ಕೊಬ್ಬು ಹೆಚ್ಚುಕಡಿಮೆ ಅಷ್ಟೇ ಇದ್ದವು! ಕೋಕೋ ನಿರಪರಾಧಿ ಎಂದಷ್ಟೇ ಅದು ತೋರಿಸಬಹುದಿತ್ತು, ಸಕ್ಕರೆಯ ಬಗ್ಗೆ ಏನೂ ಹೇಳುವಂತಿರಲಿಲ್ಲ. ಸಾಲದ್ದಕ್ಕೆ ಪ್ರಯೋಗಕ್ಕೆ ನೆರವು ನೀಡಿದ್ದು ಚಾಕೊಲೇಟು ತಯಾರಕರ ಸಂಘ. ಒಂದು ದುರ್ಬಲ ಪ್ರಯೋಗ ಇಷ್ಟು ದೀರ್ಘಕಾಲ ಬಾಯಿ ಮುಚ್ಚಿಸಿದ್ದು ನನಗೆ ಇಂದಿಗೂ ಆಶ್ಚರ್ಯದ ಸಂಗತಿ.

ಮೊಡವೆ ಇಲ್ಲದ ದ್ವೀಪ

2002ರಲ್ಲಿ ಪ್ರಶ್ನೆ ಮತ್ತೆ ತೆರೆಯಿತು. ಪಪುವ ನ್ಯೂಗಿನಿಗೆ ಸೇರಿದ ಕಿಟಾವ ಎಂಬ ದ್ವೀಪದಲ್ಲಿ 1,200 ಜನರನ್ನು, ದಕ್ಷಿಣ ಅಮೆರಿಕದ ಪರಾಗ್ವೆ ದೇಶದ ಆಚೆ ಬುಡಕಟ್ಟಿನ 115 ಜನರನ್ನು ಪರೀಕ್ಷಿಸಿದ ಲಾರೆನ್ ಕಾರ್ಡೇನ್ ಮತ್ತು ಸಂಗಡಿಗರು ಒಬ್ಬರಲ್ಲೂ ಮೊಡವೆ ಕಾಣಲಿಲ್ಲ ಎಂದು ವರದಿ ಮಾಡಿದರು. ಹರೆಯದವರಲ್ಲೂ ಇಲ್ಲ! ಕಿಟಾವದವರ ಊಟ ಗೆಡ್ಡೆಗೆಣಸು, ಹಣ್ಣು, ಮೀನು, ತೆಂಗು. ಸಕ್ಕರೆ, ಮೈದಾ, ಹಾಲಿನ ಪದಾರ್ಥಗಳು ಅಲ್ಲಿ ನಗಣ್ಯ. ಇದು ಊಟದ ಮಹಿಮೆಯೋ ವಂಶವಾಹಿಯ ಮಹಿಮೆಯೋ ಎಂದು ಈ ಒಂದು ವರದಿಯಿಂದ ಹೇಳಲಾಗದು. ಆದರೂ ಅನುಮಾನಕ್ಕೆ ದಾರಿಯಾಯಿತು.

ಅನುಮಾನ ಮೊದಲು ಬಿದ್ದದ್ದು ಸಕ್ಕರೆ ಮತ್ತು ಬೇಗ ಜೀರ್ಣವಾಗುವ ಪಿಷ್ಟದ ಮೇಲೆ. ಇಂಥವನ್ನು ತಿಂದಾಗ ರಕ್ತದಲ್ಲಿ ಗ್ಲೂಕೋಸು ಥಟ್ಟನೆ ಏರುತ್ತದೆ, ಅದನ್ನು ಇಳಿಸಲು ಇನ್ಸುಲಿನ್ ಸುರಿಯುತ್ತದೆ. ಆಹಾರವೊಂದು ಗ್ಲೂಕೋಸನ್ನು ಎಷ್ಟು ಬೇಗ ಏರಿಸುತ್ತದೆ ಎಂಬ ಅಳತೆಗೆ ಗ್ಲೈಸೀಮಿಕ್ ಸೂಚ್ಯಂಕ ಎನ್ನುತ್ತಾರೆ. 2007ರಲ್ಲಿ ಆಸ್ಟ್ರೇಲಿಯದಲ್ಲಿ 15ರಿಂದ 25 ವರ್ಷದ 43 ಮೊಡವೆಪೀಡಿತ ಯುವಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ಏರಿಕೆ ಕಡಿಮೆ ಇರುವ ಆಹಾರವನ್ನು 12 ವಾರ ಕೊಟ್ಟರು. ಆ ಗುಂಪಿನಲ್ಲಿ ಮೊಡವೆಗಳು ಸರಾಸರಿ 23ರಷ್ಟು ಕಡಿಮೆಯಾದವು, ಇನ್ನೊಂದರಲ್ಲಿ 12ರಷ್ಟು. ಆ ಆಹಾರ ಪಡೆಯದ ಗುಂಪಿನಲ್ಲೂ 12 ಕಡಿಮೆಯಾದದ್ದನ್ನು ಗಮನಿಸಿ. ಮೊಡವೆ ತಾನಾಗಿಯೂ ಏರಿಳಿಯುತ್ತದೆ.

ಇದನ್ನು ನಮ್ಮ ತಟ್ಟೆಗೆ ಅನ್ವಯಿಸಿ ನೋಡಿದರೆ ಸ್ವಾರಸ್ಯವಿದೆ. ಗಿರಮಿಟ್ಟು, ಮಿರ್ಚಿ, ಮೇಲೊಂದು ಸಿಹಿ ಚಹಾ ಎಂಬ ಸಂಜೆಯ ಕಟ್ಟಳೆಯಲ್ಲಿ ಅಜ್ಜಿ ದೂರುವುದು ಮಿರ್ಚಿಯ ಎಣ್ಣೆಯನ್ನು, ಚರ್ಮವಿಜ್ಞಾನಿ ಹೆಚ್ಚು ಅನುಮಾನಿಸುವುದು ಚುರಮುರಿ ಮತ್ತು ಚಹಾದ ಸಕ್ಕರೆಯನ್ನು. ಅದೇ ಮಧ್ಯಾಹ್ನದ ಜೋಳದ ರೊಟ್ಟಿ, ಕಾಳು ಪಲ್ಯ, ಹಸಿ ಸೌತೆಕಾಯಿ, ಮೆಂತ್ಯ ಸೊಪ್ಪಿನ ಊಟದಲ್ಲಿ ನಾರು ಮತ್ತು ಪ್ರೋಟೀನು ಜೊತೆಯಿರುವುದರಿಂದ ಗ್ಲೂಕೋಸು ನಿಧಾನವಾಗಿ ಏರುತ್ತದೆ. ಚರ್ಮದ ಮಟ್ಟಿಗೆ ಹಳೆಯ ಬುತ್ತಿಯೇ ವಾಸಿ ಎಂದಾಯಿತು.

ಹಾಲಿನ ಒಗಟು

ಈಗ ಹಾಲಿಗೆ ಬರೋಣ. ಹಾಲಿನ ಗ್ಲೈಸೀಮಿಕ್ ಸೂಚ್ಯಂಕ ಬಹಳ ಕಡಿಮೆ. ಮೇಲಿನ ಲೆಕ್ಕದಲ್ಲಿ ಅದು ನಿರ್ದೋಷಿ ಆಗಬೇಕಿತ್ತು. ಆದರೆ ಹಾಲು ಕುಡಿದಾಗ ಗ್ಲೂಕೋಸು ಹೆಚ್ಚು ಏರದಿದ್ದರೂ ಇನ್ಸುಲಿನ್ ಮಾತ್ರ ನಿರೀಕ್ಷೆಗಿಂತ ಹೆಚ್ಚು ಏರುತ್ತದೆ. ಇದಕ್ಕೆ ಕಾರಣ ಹಾಲಿನ ಸಕ್ಕರೆಯಲ್ಲ, ಪ್ರೋಟೀನು. ಆಕಳ ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇಕಡ 80 ಕೇಸೀನ್, 20 ವೇ. ಹಾಲು ಒಡೆದಾಗ ಗಟ್ಟಿಯಾಗಿ ಉಳಿಯುವುದು ಕೇಸೀನ್, ತಿಳಿಹಳದಿ ನೀರಿನೊಡನೆ ಹೋಗುವುದು ವೇ. ಡೆನ್ಮಾರ್ಕಿನಲ್ಲಿ ಎಂಟು ವರ್ಷದ ಹುಡುಗರಿಗೆ ಇವೆರಡನ್ನೂ ಬೇರೆಬೇರೆಯಾಗಿ ಕೊಟ್ಟು ನೋಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೇ ಕುಡಿದವರಲ್ಲಿ ಇನ್ಸುಲಿನ್ ಏರಿತು, ಕೇಸೀನ್ ಕುಡಿದವರಲ್ಲಿ ಐಜಿಎಫ್-1 ಎಂಬ ಬೆಳವಣಿಗೆಯ ಹಾರ್ಮೋನು ಏರಿತು.

ಆಶ್ಚರ್ಯವೇನಿಲ್ಲ. ಹಾಲು ಇರುವುದೇ ಕರುವನ್ನು ಬೆಳೆಸಲು. 'ಬೆಳೆ' ಎಂಬ ಸಂದೇಶ ಅದರಲ್ಲಿ ಅಡಗಿದೆ. ಆ ಸಂದೇಶ ಮೂಳೆಗೆ, ಸ್ನಾಯುವಿಗೆ ಹೋಗುವಂತೆ ಚರ್ಮದ ಎಣ್ಣೆಗ್ರಂಥಿಗೂ ಹೋಗುತ್ತದೆ. ಐಜಿಎಫ್-1 ಗ್ರಂಥಿಯ ಕೋಶಗಳನ್ನು ಹೆಚ್ಚಿಸುತ್ತದೆ, ಎಣ್ಣೆಯ ಉತ್ಪಾದನೆಯನ್ನು ಏರಿಸುತ್ತದೆ, ಆಂಡ್ರೋಜನ್‌ಗಳ ಕೈಯನ್ನೂ ಬಲಪಡಿಸುತ್ತದೆ. ಇದಕ್ಕೆ ನಿಸರ್ಗವೇ ಒಂದು ಸಾಕ್ಷಿ ಒದಗಿಸಿದೆ. ಲ್ಯಾರನ್ ಸಿಂಡ್ರೋಮ್ ಎಂಬ ಅಪರೂಪದ ಆನುವಂಶಿಕ ಸ್ಥಿತಿಯಲ್ಲಿ ಐಜಿಎಫ್-1 ಬಹಳ ಕಡಿಮೆ. ಅಂಥವರ ಎತ್ತರವೂ ಬಹಳ ಕಡಿಮೆ. ಅವರಲ್ಲಿ ಮೊಡವೆ ಕಾಣಿಸುವುದು ತೀರ ವಿರಳ. ಚಿಕಿತ್ಸೆಗೆಂದು ಐಜಿಎಫ್-1 ಪ್ರಮಾಣ ಮೀರಿ ಕೊಟ್ಟಾಗ ಕೆಲವರಲ್ಲಿ ಮೊಡವೆ ಎದ್ದವು, ಪ್ರಮಾಣ ಇಳಿಸಿದಾಗ ಹೋದವು.

ಹಾಗಾದರೆ ಕೆನೆ ತೆಗೆದು ಕುಡಿದರೆ ಸರಿಹೋಯಿತೇ? ಹಲವು ಮನೆಗಳಲ್ಲಿ ಈ ಉಪಾಯ ಹೇಳುತ್ತಾರೆ. ಅಂಕಿಅಂಶಗಳು ಇದಕ್ಕೆ ವಿರುದ್ಧವಾಗಿವೆ. 2005ರಲ್ಲಿ ಅಮೆರಿಕದ 47,355 ದಾದಿಯರಿಗೆ ಅವರ ಹೈಸ್ಕೂಲು ದಿನಗಳ ಊಟ ಮತ್ತು ಮೊಡವೆಯ ಬಗ್ಗೆ ಕೇಳಿದ ಸಮೀಕ್ಷೆ ಪ್ರಕಟವಾಯಿತು. ಹಾಲಿಗೂ ಮೊಡವೆಗೂ ಸಂಬಂಧ ಕಂಡಿತು. ಅದು ಹೆಚ್ಚು ಸ್ಪಷ್ಟವಾಗಿದ್ದದ್ದು ಕೆನೆ ತೆಗೆದ ಹಾಲಿನಲ್ಲಿ! 2018ರಲ್ಲಿ 14 ಅಧ್ಯಯನಗಳನ್ನು, ಒಟ್ಟು 78,529 ಮಕ್ಕಳು ಮತ್ತು ಯುವಜನರ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಕೆನೆಸಹಿತ ಹಾಲಿಗೆ ಮೊಡವೆಯ ಸಂಭವದ ಅನುಪಾತ 1.22, ಕೆನೆ ಕಡಿಮೆ ಅಥವಾ ತೆಗೆದ ಹಾಲಿಗೆ 1.32 ಬಂತು. ಕೊಬ್ಬು ಅಪರಾಧಿಯಾಗಿದ್ದರೆ ಲೆಕ್ಕ ತಿರುವುಮುರುವಾಗಬೇಕಿತ್ತು.

ಎಷ್ಟು ಲೋಟ?

ಈ ಸಂಖ್ಯೆಗಳನ್ನು ಕಂಡು ಗಾಬರಿಯಾಗುವ ಮುನ್ನ ಅವುಗಳ ಅರ್ಥ ತಿಳಿಯಬೇಕು. 2006ರಲ್ಲಿ ಪ್ರಕಟವಾದ, 6,094 ಹುಡುಗಿಯರ ಅಧ್ಯಯನವನ್ನೇ ತೆಗೆದುಕೊಳ್ಳಿ. ದಿನಕ್ಕೆ ಎರಡು ಅಥವಾ ಹೆಚ್ಚು ಲೋಟ ಕುಡಿಯುವವರನ್ನು ವಾರಕ್ಕೆ ಒಂದು ಲೋಟವೂ ಕುಡಿಯದವರೊಡನೆ ಹೋಲಿಸಿದಾಗ ಅನುಪಾತ 1.20 ಬಂತು. ಉದಾಹರಣೆಗೆ, ಹಾಲು ಕುಡಿಯದ ನೂರು ಹುಡುಗಿಯರಲ್ಲಿ ಐವತ್ತು ಮಂದಿಗೆ ಮೊಡವೆ ಇದೆ ಎಂದುಕೊಳ್ಳೋಣ. ಹಾಲು ಕುಡಿಯುವ ನೂರರಲ್ಲಿ ಅದು ಅರವತ್ತಾಗುತ್ತದೆ. ಅಂದರೆ ಆ ಅರವತ್ತರಲ್ಲಿ ಐವತ್ತು ಮಂದಿಗೆ ಹಾಲು ಬಿಟ್ಟರೂ ಮೊಡವೆ ತಪ್ಪುತ್ತಿರಲಿಲ್ಲ, ಉಳಿದ ನಲವತ್ತು ಮಂದಿಗೆ ಕುಡಿದರೂ ಬರಲಿಲ್ಲ. ಹುಡುಗರ ಅಧ್ಯಯನದಲ್ಲಿ ಸಂಬಂಧ ಇನ್ನೂ ತೆಳು.

ಲೋಟದ ಗಾತ್ರವೂ ಮುಖ್ಯ. ಅಮೆರಿಕದ ಒಂದು ಲೋಟವೆಂದರೆ ಸುಮಾರು 240 ಮಿಲಿಲೀಟರು. ಎರಡು ಲೋಟಕ್ಕೆ ಹತ್ತಿರ ಹತ್ತಿರ ಅರ್ಧ ಲೀಟರಾಯಿತು. ನಮ್ಮ ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಮಗುವಿಗೆ ನಿಗದಿಯಾದದ್ದು 150 ಮಿಲಿಲೀಟರು. ಅದೂ ಕೆನೆಭರಿತ ಹಾಲಿನ ಪುಡಿಯಿಂದ ಮಾಡಿದ್ದು. ಶಾಲೆಯ ಮೂರು ಲೋಟ ಕೂಡಿಸಿದರೂ ಆ ಅಧ್ಯಯನದ 'ಹೆಚ್ಚು ಕುಡಿಯುವವರ' ಕನಿಷ್ಠ ಮಟ್ಟ ಮುಟ್ಟುವುದಿಲ್ಲ. ಚಹಾಕ್ಕೆ ಬೀಳುವ ಹಾಲಂತೂ ಲೆಕ್ಕಕ್ಕಿಲ್ಲ, ಅಲ್ಲಿ ಲೆಕ್ಕ ಸಕ್ಕರೆಯದು.

ಮತ್ತೂ ಒಂದು ಮಾತು. ಆ ಅಧ್ಯಯನಗಳೆಲ್ಲ ಬಹುಮಟ್ಟಿಗೆ ಆಕಳ ಹಾಲಿನವು. ನಮ್ಮ ಭಾಗದ ಅನೇಕ ಮನೆಗಳಲ್ಲಿ ಇರುವುದು ಎಮ್ಮೆ. ಗದಗ ಸೇರಿದಂತೆ ಉತ್ತರ ಕರ್ನಾಟಕದ ಜಿಲ್ಲೆಗಳ 'ಧಾರವಾಡಿ' ಎಮ್ಮೆಗೆ 2021ರಲ್ಲಿ ಪ್ರತ್ಯೇಕ ತಳಿಯೆಂಬ ರಾಷ್ಟ್ರೀಯ ಮನ್ನಣೆಯೂ ದೊರಕಿತು. ಎಮ್ಮೆ ಹಾಲಿನಲ್ಲಿ ಕೊಬ್ಬು, ಪ್ರೋಟೀನು ಎರಡೂ ಆಕಳ ಹಾಲಿಗಿಂತ ಹೆಚ್ಚು. ಆದ್ದರಿಂದ ಪರದೇಶದ ಅಂಕಿಗಳನ್ನು ಎತ್ತಿ ನಮ್ಮ ಹಿತ್ತಿಲಿನ ಚರಿಗೆಗೆ ಹಾಗೆಯೇ ಹಾಕುವಂತಿಲ್ಲ. ಇಷ್ಟಕ್ಕೂ ಇವೆಲ್ಲ ಜನರನ್ನು ಕೇಳಿ ಬರೆದುಕೊಂಡ ಸಮೀಕ್ಷೆಗಳು. ಒಂದು ಗುಂಪಿಗೆ ಹಾಲು ಕೊಟ್ಟು, ಇನ್ನೊಂದಕ್ಕೆ ಬಿಡಿಸಿ, ತಿಂಗಳುಗಟ್ಟಲೆ ಕಾದು ನೋಡಿದ ದೊಡ್ಡ ಪ್ರಯೋಗ ಆಗಿಲ್ಲ. ಅಮೆರಿಕದ ಚರ್ಮವೈದ್ಯರ ಅಕಾಡೆಮಿ 2024ರ ತನ್ನ ಮಾರ್ಗಸೂಚಿಯಲ್ಲಿ, ಮೊಡವೆಗಾಗಿ ಹಾಲು ಕಡಿಮೆ ಮಾಡಿ ಎಂದು ಶಿಫಾರಸು ಮಾಡುವಷ್ಟು ಆಧಾರ ಸಾಲದು ಎಂದಿದೆ.

ಮೊಸರು-ಮಜ್ಜಿಗೆಯ ಬಗ್ಗೆಯೂ ಕೇಳುತ್ತೀರಿ. ಮೊಸರಿನ ವಿಷಯದಲ್ಲಿ ವರದಿಗಳು ಎರಡು ದಿಕ್ಕಿಗೆ ಎಳೆಯುತ್ತವೆ. 2018ರ ಒಟ್ಟುಗೂಡಿಸಿದ ಲೆಕ್ಕದಲ್ಲಿ ಸಂಬಂಧ ಕಂಡರೆ, 2019ರ ಇನ್ನೊಂದರಲ್ಲಿ ಕಾಣಲಿಲ್ಲ. ಮಜ್ಜಿಗೆಯದು ಸರಳ ಅಂಕಗಣಿತ. ಒಂದು ಬಟ್ಟಲು ಮೊಸರಿಗೆ ಮೂರು ಬಟ್ಟಲು ನೀರು ಬೆರೆಸಿ ಕಡೆದ ತೆಳು ಮಜ್ಜಿಗೆಯಲ್ಲಿ ಹಾಲಿನ ಪ್ರೋಟೀನು ನಾಲ್ಕನೆಯ ಒಂದು ಭಾಗ ಮಾತ್ರ. ಬೇಸಿಗೆಯಲ್ಲಿ ಎರಡು ಲೋಟ ಕುಡಿದರೂ ಅರ್ಧ ಲೋಟ ಹಾಲಿನಷ್ಟೇ.

ನಿಜವಾಗಿ ಎಚ್ಚರ ಬೇಕಾದದ್ದು ಬೇರೆ ಡಬ್ಬಿಯಲ್ಲಿದೆ. ಗರಡಿಮನೆಯ ಪೈಲವಾನರು ಹಾಲು-ಬಾದಾಮಿ ಕುಡಿದು ಮೈ ಬೆಳೆಸಿದ ನಾಡು ನಮ್ಮದು. ಈಗ ಜಿಮ್ಮುಗಳಿಗೆ ಹೋಗುವ ಹುಡುಗರ ಕೈಯಲ್ಲಿ ವೇ ಪ್ರೋಟೀನಿನ ಪುಡಿ ಬಂದಿದೆ. ಒಂದು ದೊಡ್ಡ ಚಮಚೆಯಲ್ಲಿ 20-25 ಗ್ರಾಂ ಪ್ರೋಟೀನು, ಬಹುಪಾಲು ವೇ. ಅಷ್ಟು ವೇ ಪಡೆಯಲು ಮೂರು ಲೀಟರಿಗೂ ಹೆಚ್ಚು ಆಕಳ ಹಾಲು ಬೇಕು! ಈ ಪುಡಿ ಶುರುಮಾಡಿದ ಮೇಲೆ ಮುಖ-ಬೆನ್ನಿನ ಮೇಲೆ ಮೊಡವೆ ಉಲ್ಬಣಿಸಿ, ನಿಲ್ಲಿಸಿದ ಮೇಲೆ ಇಳಿದ ಯುವಕರ ಪ್ರಕರಣಗಳನ್ನು 2012ರಿಂದೀಚೆಗೆ ಹಲವು ದೇಶಗಳ ವೈದ್ಯರು ದಾಖಲಿಸಿದ್ದಾರೆ. ಮೊಡವೆ ಇರುವ ಹುಡುಗ ಮನೆಯ ಹಾಲು ಬಿಟ್ಟು ಜಿಮ್ಮಿನ ಪುಡಿ ಮುಂದುವರಿಸಿದರೆ ಅದು ತಲೆಕೆಳಗಾದ ಪಥ್ಯ.

ಮುಂಡರಗಿಯ ನೀರು, ಹರೆಯದ ಮೂಳೆ

ಹಾಲು ಬಿಡುವುದರಿಂದ ನಷ್ಟವೇನು ಎಂಬ ಪ್ರಶ್ನೆಗೆ ಎಲ್ಲ ಊರಲ್ಲೂ ಒಂದೇ ಉತ್ತರವಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿಯಂತೆ 13ರಿಂದ 15 ವರ್ಷದವರಿಗೆ ದಿನಕ್ಕೆ 1,000 ಮಿಲಿಗ್ರಾಂ, 16ರಿಂದ 18 ವರ್ಷದವರಿಗೆ 1,050 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಮಿಲಿಲೀಟರು ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಇದೆ. ಮೂಳೆಯ ಬಹುಪಾಲು ಗಟ್ಟಿತನ ಕೂಡಿಬೀಳುವುದು ಈ ವಯಸ್ಸಿನಲ್ಲೇ. ಮೊಡವೆಯ ವಯಸ್ಸೂ ಇದೇ ಎಂಬುದು ತೊಡಕು.

ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಗದಗ ಜಿಲ್ಲೆಯ, ಅದರಲ್ಲೂ ಮುಂಡರಗಿ ತಾಲೂಕಿನ, ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡು ಮಿತಿ ಮೀರಿದೆ. ಕುಡಿಯುವ ನೀರಿಗೆ ನಮ್ಮ ದೇಶದ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ವರ್ಷಗಟ್ಟಲೆ ಅದನ್ನು ಮೀರಿದ ನೀರು ಕುಡಿದವರ ಹಲ್ಲಿನ ಮೇಲೆ ಕಂದು ಪಟ್ಟೆಗಳು ಮೂಡುತ್ತವೆ, ಮುಂದೆ ಕೀಲು-ಮೂಳೆಗಳಿಗೂ ಪೆಟ್ಟು. ಊಟದಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಕರುಳಿನಲ್ಲೇ ಫ್ಲೋರೈಡಿನೊಡನೆ ಕೂಡಿ, ಸುಲಭವಾಗಿ ಕರಗದ ಸಂಯುಕ್ತವಾಗಿ, ರಕ್ತಕ್ಕೆ ಸೇರುವ ಫ್ಲೋರೈಡನ್ನು ಕಡಿಮೆ ಮಾಡುತ್ತದೆ. ಕ್ಯಾಲ್ಸಿಯಂ ಕೊರತೆಯಿದ್ದಲ್ಲಿ ಫ್ಲೋರೋಸಿಸ್ ಹೆಚ್ಚು ಕ್ರೂರವಾಗುತ್ತದೆ. ತುಂಗಭದ್ರೆಯ ನೀರು ತಲುಪಿದ ಊರುಗಳ ಮಾತು ಬೇರೆ. ಆದರೆ ಇಂದಿಗೂ ಕೊಳವೆಬಾವಿಯನ್ನೇ ನೆಚ್ಚಿದ ಹಳ್ಳಿಯ ಹದಿನಾಲ್ಕರ ಹುಡುಗಿ, ಮುಖದ ನಾಲ್ಕು ಗುಳ್ಳೆಗಳಿಗಾಗಿ ಶಾಲೆಯ ಹಾಲನ್ನು ಚೆಲ್ಲಿದರೆ, ಅವಳು ತೆರುವ ಬೆಲೆ ಬೆಂಗಳೂರಿನ ಹುಡುಗಿ ತೆರುವುದಕ್ಕಿಂತ ಹೆಚ್ಚು. ಮೊಡವೆ ಕಾಲಾನಂತರ ಇಳಿಯುತ್ತದೆ. ಹರೆಯದಲ್ಲಿ ಕೂಡದ ಮೂಳೆಯನ್ನು ನಲವತ್ತರಲ್ಲಿ ಕೂಡಿಸಲಾಗದು.

ಮುಖದ ಚಿಂತೆ ಹಗುರವಾದದ್ದು ಎಂದು ಇದರ ಅರ್ಥವಲ್ಲ. ಮೊಡವೆಗೆ ನಾಚಿ ಕಾಲೇಜಿನ ವೇದಿಕೆ ಹತ್ತದವರನ್ನು, ಫೋಟೋ ಬೇಡವೆನ್ನುವವರನ್ನು ನಾನು ಕಂಡಿದ್ದೇನೆ. ಅವರಿಗೆ ನನ್ನ ವೃತ್ತಿಯ ಒಂದು ಗುಟ್ಟು ಹೇಳಿಬಿಡುತ್ತೇನೆ. ಕಿರುತೆರೆಯಲ್ಲಿ ನೀವು ಕಾಣುವ ನುಣುಪು ಮುಖಗಳಲ್ಲಿ ಅರ್ಧದಷ್ಟು ಮೇಕಪ್ ಕೋಣೆಯಲ್ಲಿ ತಯಾರಾದವು. ದೀಪದ ಕೋನ ತುಸು ಬದಲಿಸಿದರೆ ಎಲ್ಲ ಗುಳ್ಳೆಗಳೂ ಹಾಜರ್.

ನಿಮ್ಮದೇ ಒಂದು ಪ್ರಯೋಗ

ಅಲ್ಲೊಂದು ಇಲ್ಲೊಂದು ಮೊಡವೆ ಇರುವವರು ಹಾಲಿನ ತಂಟೆಗೆ ಹೋಗಬೇಕಿಲ್ಲ. ಮುಖ, ಬೆನ್ನು ತುಂಬ ಕೀವುಗುಳ್ಳೆಗಳು ಅಥವಾ ನೋಯುವ ಗಂಟುಗಳಿದ್ದರೆ ಮೊದಲು ಚರ್ಮವೈದ್ಯರನ್ನು ಕಾಣಬೇಕು. ಏಕೆಂದರೆ ಅಂಥವು ಕುಳಿ ಬಿದ್ದ ಕಲೆಗಳನ್ನು ಉಳಿಸುತ್ತವೆ, ಪಥ್ಯವೊಂದರಿಂದಲೇ ಅವು ಹೋಗುವುದಿಲ್ಲ. ಗದುಗಿನಲ್ಲಿ 2015ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಜಿಮ್ಸ್, ಇದೆ. ಬೆಂಜಾಯಿಲ್ ಪೆರಾಕ್ಸೈಡು, ಅಡಾಪಲೀನ್ ಮೊದಲಾದ ಮುಲಾಮುಗಳು ಪರೀಕ್ಷಿತವಾದವು, ದುಬಾರಿಯೂ ಅಲ್ಲ. ಔಷಧಿ ಅಂಗಡಿಯಲ್ಲಿ ಗೆಳೆಯ ಹೇಳಿದ 'ಬಿಳುಪಿನ' ಟ್ಯೂಬು ಕೇಳಿ ತರುವುದು ಮಾತ್ರ ಬೇಡ. ಅಂಥ ಹಲವು ಟ್ಯೂಬುಗಳಲ್ಲಿ ಸ್ಟೆರಾಯ್ಡು ಇರುತ್ತದೆ. 2011ರಲ್ಲಿ ಪ್ರಕಟವಾದ ಭಾರತದ ಒಂದು ಅಧ್ಯಯನದಲ್ಲಿ ಮುಖದ ತೊಂದರೆಗೆಂದು ಚರ್ಮವೈದ್ಯರ ಬಳಿ ಬಂದ 2,926 ಜನರಲ್ಲಿ 433 ಮಂದಿ ಇಂಥ ಸ್ಟೆರಾಯ್ಡು ಹಚ್ಚುತ್ತಿದ್ದರು. ಅವರಲ್ಲಿ ಅತಿ ಹೆಚ್ಚು ಕಂಡ ದುಷ್ಪರಿಣಾಮ ಯಾವುದು ಗೊತ್ತೇ? ಮೊಡವೆ! ಕೇಂದ್ರ ಸರ್ಕಾರ 2018ರಲ್ಲಿ ಇಂಥ 14 ಸ್ಟೆರಾಯ್ಡು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಆದೇಶಿಸಿತು.

ಇವೆರಡರ ನಡುವಿನವರು, ಹಾಲಿನ ಮೇಲೆ ಅನುಮಾನ ಬಲವಾಗಿದ್ದರೆ, ಮನೆಯವರಿಗೆ ತಿಳಿಸಿ ಒಂದು ಪ್ರಯೋಗ ಮಾಡಿ ನೋಡಬಹುದು. ಒಂದು ನೋಟುಪುಸ್ತಕ ಇಟ್ಟುಕೊಳ್ಳಿ. ಪ್ರತಿ ಭಾನುವಾರ ಒಂದೇ ಹೊತ್ತಿಗೆ, ಒಂದೇ ಬೆಳಕಿನಲ್ಲಿ, ಎರಡೂ ಕೆನ್ನೆ ಮತ್ತು ಹಣೆಯ ಮೊಡವೆಗಳನ್ನು ಎಣಿಸಿ ಬರೆಯಿರಿ. ಮೊದಲ ನಾಲ್ಕು ವಾರ ಏನನ್ನೂ ಬದಲಿಸಬೇಡಿ. ತಾನಾಗಿ ಆಗುವ ಏರಿಳಿತ ಎಷ್ಟೆಂದು ತಿಳಿಯಬೇಕಲ್ಲ. ನಂತರ ಮೊದಲು ಕಡಿಮೆ ಮಾಡಬೇಕಾದದ್ದು ಸಕ್ಕರೆ: ಚಹಾದ ಎರಡನೆಯ ಚಮಚೆ, ಬಿಸ್ಕಿಟು, ಬಾಟಲಿಯ ಪಾನೀಯ. ಪ್ರೋಟೀನ್ ಪುಡಿ ಇದ್ದರೆ ಅದು. ಇವುಗಳನ್ನು ಬಿಟ್ಟರೆ ದೇಹಕ್ಕೆ ನಷ್ಟವಿಲ್ಲ, ಆಧಾರವೂ ಹೆಚ್ಚು ಗಟ್ಟಿ. ಹನ್ನೆರಡು ವಾರದಲ್ಲಿ ಎಣಿಕೆ ಇಳಿಯದಿದ್ದರೆ ಮಾತ್ರ ಹಾಲಿನ ಸರದಿ. ಆಗ ಕುಡಿಯುವ ಹಾಲನ್ನು ಮತ್ತೊಂದು ಹನ್ನೆರಡು ವಾರ ನಿಲ್ಲಿಸಿ, ಮಜ್ಜಿಗೆ ಇರಲಿ. ಅದೇ ಹೊತ್ತಿಗೆ ಹೊಸ ಸೋಪು, ಹೊಸ ಕ್ರೀಮು ಶುರುಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯದು.

ಆ ಹನ್ನೆರಡು ವಾರ ಕ್ಯಾಲ್ಸಿಯಂ ಬೇರೆ ಕಡೆಯಿಂದ ಬರಬೇಕು. ರೊಟ್ಟಿಯ ಜೊತೆ ಗುರೆಳ್ಳು ಚಟ್ನಿ, ಎಳ್ಳು, ನುಗ್ಗೆ ಸೊಪ್ಪು ನಮ್ಮಲ್ಲಿ ಸುಲಭ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಶಾಲೆಗಳಲ್ಲಿ 2024ರಿಂದ ಹಾಲಿನೊಡನೆ ಬೆರೆಸಿ ಕೊಡಲಾರಂಭಿಸಿದ ರಾಗಿ ಮಿಶ್ರಣವನ್ನು ಮನೆಯಲ್ಲಿ ಮಜ್ಜಿಗೆಯ ಅಂಬಲಿಯಾಗಿಯೂ ಮಾಡಬಹುದು. ಆದರೆ ಈ ಕ್ಯಾಲ್ಸಿಯಂ ಹಾಲಿನದರಷ್ಟು ಸುಲಭವಾಗಿ ದೇಹಕ್ಕೆ ದಕ್ಕುವುದಿಲ್ಲ, ಆದ್ದರಿಂದ ತುಸು ಹೆಚ್ಚೇ ತಿನ್ನಬೇಕು. ಫ್ಲೋರೈಡು ನೀರಿನ ಊರಿನವರು ಮಾತ್ರ ಹಾಲಿನ ಈ ಪ್ರಯೋಗವನ್ನು ವೈದ್ಯರನ್ನು ಕೇಳದೆ ಮಾಡಬೇಡಿ.

ಹನ್ನೆರಡು ವಾರ ಮುಗಿದ ಮೇಲೆ ಹಾಲನ್ನು ಮತ್ತೆ ಆರಂಭಿಸಿ, ಎಣಿಕೆಯನ್ನು ಇನ್ನೂ ಎಂಟು ವಾರ ಮುಂದುವರಿಸಿ. ಬಿಟ್ಟಾಗ ಇಳಿದು ಕುಡಿದಾಗ ಏರಿದರೆ ನಿಮ್ಮ ಚರ್ಮಕ್ಕೂ ಹಾಲಿಗೂ ನಂಟಿರುವ ಸಂಭವವಿದೆ, ಆ ನೋಟುಪುಸ್ತಕವನ್ನು ವೈದ್ಯರಿಗೆ ತೋರಿಸಿ. ಎರಡೂ ಸಲ ಎಣಿಕೆ ಹಾಗೆಯೇ ಇದ್ದರೆ ಲೋಟ ತುಂಬಿಸಿಕೊಳ್ಳಿ.